ಹನಸೋಗೆಯ ಬಳಿ

ದೇಶಚರಿತ್ರೆಯನ್ನು ಬರೆಯುವವರ ದೃಷ್ಟಿಯು ಸಾಮಾನ್ಯವಾಗಿ ರಾಜಧಾನಿಗಳ ಕಡೆಗೇ ಹರಿಯುವುದು. ಅರಮನೆ, ಕೋಟೆ, ಪಟ್ಟಾಭಿಷೇಕ, ದಂಡಯಾತ್ರೆ ಮೊದಲಾದವುಗಳ ವರ್ಣನೆಯಿಂದ ಗ್ರಂಥಗಳು ತುಂಬಿಹೋಗುವುವು. ಹಳ್ಳಿಗಳಿಗೆ ಆ ಗ್ರಂಥಗಳಲ್ಲಿ ದೊರೆಯುವ ಸ್ಥಳವಾದರೋ ಅತ್ಯಲ್ಪ. ಇಂಥ ಊರಿನಲ್ಲಿ ಯುದ್ಧವಾಯಿತು, ಇಂಥ ಊರನ್ನು ದತ್ತಿಯಾಗಿ ಬಿಟ್ಟರು ಎಂಬ ಒಂದು ವಾಕ್ಯದೊಡನೆ ಅವುಗಳ ಪ್ರಸ್ತಾಪವು ಮುಗಿದುಹೋಗುತ್ತದೆ. ಆದರೆ ಕೆಲವು ಹಳ್ಳಿಗಳ ವಿಷಯದಲ್ಲಿ ಆ ಒಂದು ವಾಕ್ಯವನ್ನೇ ಹಿಡಿದು ಹಿಂದಕ್ಕೂ ಮುಂದಕ್ಕೂ ಅರಸುತ್ತ ಹೋದರೆ, ನಾಡಿನ ಚರಿತ್ರೆಯ ದೊಡ್ಡ ಭಾಗವೊಂದು ಆ ಊರಿನ ಸುತ್ತ ಹೆಣೆದುಕೊಂಡಿರುವುದು ಕಾಣಬರುತ್ತದೆ. ಮೈಸೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಅಂಥದೊಂದು ಊರು ಹನಸೋಗೆ.

ಕಾವೇರಿಯು ಕೊಡಗಿನ ಬೆಟ್ಟಗಳನ್ನು ಇಳಿದು ಮೈಸೂರು ಸೀಮೆಯ ಬಯಲಿಗೆ ಬಂದ ಮೇಲೆ ಅದರ ನೀರನ್ನುಂಡು ಬೆಳೆದ ಪುರಾತನ ಸೀಮೆಗಳಲ್ಲಿ ಎಡತೊರೆಯ ಸೀಮೆಯು ಒಂದು. ತರುವಾಯ ಕೃಷ್ಣರಾಜನಗರವೆಂಬ ಹೆಸರಿನಿಂದ ಪ್ರಸಿದ್ಧವಾದ ಈ ಸೀಮೆಗೆ ಪಿರಿಯಾಪಟ್ಟಣ, ಹುಣಸೂರುಗಳು ನೆರೆಯವು. ಅವುಗಳಿಂದಾಚೆಗೆ ಹೆಗ್ಗಡದೇವನಕೋಟೆಯ ಕಾಡುಸೀಮೆ. ಪಿರಿಯಾಪಟ್ಟಣದ ಕೋಟೆ, ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನ, ಚುಂಚನಕಟ್ಟೆಯ ಜಲಪಾತ ಮತ್ತು ಅಲ್ಲಿ ಸಂಕ್ರಾಂತಿಯ ಕಾಲದಲ್ಲಿ ಸೇರುವ ದನಗಳ ಜಾತ್ರೆ, ಇವುಗಳನ್ನು ಅರಿಯದವರು ಈ ಭಾಗದಲ್ಲಿ ವಿರಳ. ಕಾವೇರಿಗೆ ದಕ್ಷಿಣದಲ್ಲಿ, ಗದ್ದೆ ತೋಟಗಳ ನಡುವೆ ಇರುವ ಚಿಕ್ಕ ಹನಸೋಗೆಯ ಹೆಸರು ಅವುಗಳಷ್ಟು ಪ್ರಚಾರದಲ್ಲಿಲ್ಲ. ಅಲ್ಲಿ ಕೋಟೆಯಿಲ್ಲ, ಬೆಟ್ಟವಿಲ್ಲ, ದೂರದ ಜನರನ್ನು ಸೆಳೆಯುವ ಮಹಾಜಾತ್ರೆಯೂ ಇಲ್ಲ. ಇರುವುದು ಆದಿನಾಥಸ್ವಾಮಿಯ ಒಂದು ಹಳೆಯ ಬಸದಿ ಮತ್ತು ಕೆಲವು ಶಿಲಾಶಾಸನಗಳು. ಆದರೆ ಈ ಊರಿನ ಹೆಸರು ದೋರಸಮುದ್ರದ ಶಾಸನದಲ್ಲಿ ಉಂಟು; ಘಟ್ಟವನ್ನಿಳಿದು ತುಳುನಾಡಿನ ಕಾರ್ಕಳಕ್ಕೆ ಹೋದರೆ ಅಲ್ಲಿಯೂ ಉಂಟು. ಒಂದು ಹಳ್ಳಿಯ ಹೆಸರು ಇಷ್ಟು ದೂರ ನಡೆದುಹೋದುದು ಹೇಗೆಂಬುದು ವಿಚಾರಾರ್ಹವಾದ ವಿಷಯ.

ಮೊದಲು ಹೆಸರಿನ ಮಾತು. ಹಳೆಯ ಶಾಸನಗಳಲ್ಲಿ ಈ ಊರು ‘ಪನಸೋಗೆ’. ಹಳಗನ್ನಡದ ಪಕಾರವು ಕಾಲಕ್ರಮದಲ್ಲಿ ಹಕಾರವಾದುದನ್ನು ಕನ್ನಡಿಗರೆಲ್ಲರೂ ಬಲ್ಲರು. ಪಾಲು ಹಾಲಾಯಿತು, ಪೂವು ಹೂವಾಯಿತು, ಪಳ್ಳಿಯೇ ಹಳ್ಳಿಯಾಯಿತು. ಅದೇ ನಿಯಮದಂತೆ ಪನಸೋಗೆಯು ಹನಸೋಗೆಯಾಯಿತು. ಈ ಒಂದು ಅಕ್ಷರದ ವ್ಯತ್ಯಾಸವು ಚರಿತ್ರೆಯನ್ನು ಹುಡುಕುವವನಿಗೆ ಬಹು ಮುಖ್ಯವಾದುದು. ಇದನ್ನರಿಯದವನು ಕಾರ್ಕಳದ ಸಂಸ್ಕೃತ ಶಾಸನದಲ್ಲಿ ಪನಸೋಗೆಯ ಹೆಸರನ್ನು ಓದಿದರೂ ಅದು ಕಾವೇರಿಯ ದಡದ ಈ ಹಳ್ಳಿಯೆಂದು ಗುರುತಿಸಲಾರನು.

ಶಾಸನಗಳಿಂದ ತಿಳಿದುಬರುವ ಪನಸೋಗೆಯ ಮೊದಲ ದೊಡ್ಡ ಘಟನೆ ಒಂದು ಯುದ್ಧ. ಕ್ರಿ. ಶ. ಹತ್ತನೆಯ ಶತಮಾನದ ಕೊನೆಯವರೆಗೆ ಈ ಸೀಮೆಯು ತಲಕಾಡಿನ ಗಂಗರ ಆಳ್ವಿಕೆಗೆ ಒಳಪಟ್ಟಿದ್ದಿತು. ತಂಜಾವೂರಿನ ಚೋಳ ಚಕ್ರವರ್ತಿ ರಾಜರಾಜನು (೯೮೫-೧೦೧೪) ದಂಡೆತ್ತಿ ಬಂದು, ಸುಮಾರು ೧೦೦೪ರಲ್ಲಿ ತಲಕಾಡು ಚೋಳರ ವಶವಾಯಿತು. ಗಂಗರ ದೀರ್ಘಕಾಲದ ಪ್ರಭುತ್ವವು ಅಲ್ಲಿಗೆ ಮುಗಿಯಿತು. ಚೋಳರ ಸೈನ್ಯವು ಕಾವೇರಿಯ ಮೇಲ್ಭಾಗಕ್ಕೆ ನುಗ್ಗಿದಾಗ ಅದನ್ನು ಎದುರಿಸಿದವರು ಚಂಗಾಳ್ವರು. ಚಂಗನಾಡು ಎಂದರೆ ಇಂದಿನ ಹುಣಸೂರು ಮತ್ತು ಅದರ ಸುತ್ತಣ ಪ್ರದೇಶ. ಆ ನಾಡಿನ ಅರಸರಾದುದರಿಂದ ಅವರಿಗೆ ಚಂಗಾಳ್ವರೆಂಬ ಹೆಸರು. ಎರಡು ಪಕ್ಷದ ಸೈನ್ಯಗಳೂ ಸಂಧಿಸಿದ ರಣಭೂಮಿಯೇ ಪನಸೋಗೆ.

ಆ ಯುದ್ಧದಲ್ಲಿ ಚೋಳರ ಕಡೆಯವನಾಗಿ ಪರಾಕ್ರಮವನ್ನು ತೋರಿದ ಮನಿಜನೆಂಬ ವೀರನಿಗೆ ರಾಜರಾಜನು ಬಹುಮಾನ ಮಾಡಿದನು. ಚಕ್ರವರ್ತಿಯ ಅಪ್ಪಣೆಯಂತೆ ದಂಡನಾಯಕ ಪಂಚವ ಮಹಾರಾಯನು ೧೦೦೪ರಲ್ಲಿ ಮನಿಜನಿಗೆ ‘ಕ್ಷತ್ರಿಯಶಿಖಾಮಣಿ ಕೊಂಗಾಳ್ವ’ ಎಂಬ ಬಿರುದನ್ನೂ ಮಾಲವ್ವಿ ಎಂಬ ಊರನ್ನೂ ಕೊಟ್ಟನು. ಮಾಲವ್ವಿಯು ಕೊಡಗಿನ ಉತ್ತರಭಾಗದ ಮಾಲಂಬಿ. ಪಂಚವ ಮಹಾರಾಯನ ೧೦೧೨ರ ಶಾಸನವೊಂದು ಶ್ರೀರಂಗಪಟ್ಟಣದ ಬಳಿಯ ಬಲಮುರಿಯಲ್ಲಿಯೂ ದೊರೆತಿರುವುದರಿಂದ ಕಾವೇರಿಯ ಉದ್ದಕ್ಕೂ ಅವನ ಅಧಿಕಾರವು ನಡೆಯುತ್ತಿದ್ದಿತೆಂದು ಸ್ಪಷ್ಟವಾಗುತ್ತದೆ. ಮನಿಜನಿಂದ ಮೊದಲ್ಗೊಂಡ ಕೊಂಗಾಳ್ವರು ಕೊಡಗಿನ ಉತ್ತರದಲ್ಲಿಯೂ ಅರಕಲಗೂಡಿನ ಸೀಮೆಯಲ್ಲಿಯೂ ಸುಮಾರು ಒಂದು ಶತಮಾನಕ್ಕೂ ಮಿಕ್ಕು ಅರಸುಗೈದರು. ಒಂದು ರಾಜವಂಶವು ಹುಟ್ಟಿದುದು ಪನಸೋಗೆಯ ಕಾಳಗದ ಕಣದಲ್ಲಿ ಎಂದರೆ ತಪ್ಪಾಗದು.

ಗೆದ್ದವರ ಕಥೆ ಹೀಗಾದರೆ ಸೋತವರ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. ಚಂಗಾಳ್ವರು ಚೋಳರಿಗೆ ತಲೆಬಾಗಿ ತಮ್ಮ ನಾಡನ್ನು ಉಳಿಸಿಕೊಂಡರು. ಅಧೀನತೆಯ ಗುರುತಾಗಿ ಚೋಳರ ಹೆಸರುಗಳನ್ನು ತಮ್ಮ ಹೆಸರುಗಳ ಹಿಂದೆ ಸೇರಿಸಿಕೊಂಡರು. ರಾಜೇಂದ್ರಚೋಳ ನನ್ನಿ ಚಂಗಾಳ್ವ, ಕುಲೋತ್ತುಂಗಚೋಳ ಚಂಗಾಳ್ವ ಮುಂತಾದ ಹೆಸರುಗಳು ಇದಕ್ಕೆ ಸಾಕ್ಷಿ. ಇವರಲ್ಲಿ ಮೊದಲನೆಯವನೇ ಹನಸೋಗೆಯ ಪಾಲಿಗೆ ಸ್ಮರಣೀಯನಾದ ಅರಸು. ಸುಮಾರು ೧೦೬೦ರಲ್ಲಿ ಅವನು ಇಲ್ಲಿನ ಬಸದಿಯನ್ನು ಮರಳಿ ಕಟ್ಟಿಸಿದನು. ಅಜ್ಜನ ಕಾಲದಲ್ಲಿ ರಕ್ತ ಹರಿದ ನೆಲದಲ್ಲಿ ಮೊಮ್ಮಗನ ಕಾಲಕ್ಕೆ ದೇವಾಲಯವು ಎದ್ದಿತೆಂದು ಹೇಳಬಹುದಾದಷ್ಟು ಅಂತರ ಮಾತ್ರ ಈ ಎರಡು ಘಟನೆಗಳ ನಡುವೆ ಇರುವುದು. ಅದೇ ಶತಮಾನದಲ್ಲಿ ಕೊಂಗಾಳ್ವರೂ ಕೊಡಗಿನ ಮುಳ್ಳೂರಿನಲ್ಲಿ ಬಸದಿಗಳನ್ನು ಕಟ್ಟಿಸಿದರು. ಗೆದ್ದ ವಂಶವೂ ಸೋತ ವಂಶವೂ ಅಹಿಂಸೆಯನ್ನು ಬೋಧಿಸುವ ಒಂದೇ ಧರ್ಮಕ್ಕೆ ದಾನಗಳನ್ನು ಮಾಡಿದುದು ಆ ಕಾಲದ ಕರ್ಣಾಟಕದ ಜೀವನವನ್ನು ಚೆನ್ನಾಗಿ ತೋರಿಸುತ್ತದೆ.

ನನ್ನಿ ಚಂಗಾಳ್ವನು ನವೀಕರಿಸಿದುದಾದರೂ ಯಾವ ಬಸದಿಯನ್ನು? ಹನಸೋಗೆಯ ಶಾಸನಗಳು ಇದಕ್ಕೆ ಕೊಡುವ ಉತ್ತರವು ಮೊದಲ ಸಲ ಓದುವವರನ್ನು ಬೆರಗುಗೊಳಿಸುವುದು. ಆ ಬಸದಿಯನ್ನು ಮೊದಲು ಸ್ಥಾಪಿಸಿದವನು ದಶರಥನ ಮಗನೂ, ಲಕ್ಷ್ಮಣನ ಅಣ್ಣನೂ, ಸೀತೆಯ ಪತಿಯೂ ಆದ ರಾಮನಂತೆ! ರಾಮನು ಕಟ್ಟಿಸಿದುದಕ್ಕೆ ಗಂಗರು ದತ್ತಿ ಬಿಟ್ಟರು, ಚಂಗಾಳ್ವನು ಮತ್ತೆ ಕಟ್ಟಿಸಿದನು ಎಂಬುದು ಶಾಸನದ ಕ್ರಮ. ಇಂಥ ಬಸದಿಗಳು ಅರುವತ್ತನಾಲ್ಕು ಇದ್ದುವೆಂದೂ ಅಲ್ಲಿಂದಲೇ ತಿಳಿದುಬರುವುದು. ಇವುಗಳ ಅಧಿಕಾರವೆಲ್ಲವೂ ಮೂಲಸಂಘದ ದೇಶೀಯಗಣದ ಪುಸ್ತಕಗಚ್ಛದ ಆಚಾರ್ಯರಿಗೆ ಸೇರಿದುದು. ಪನಸೋಗೆಯ ಬಸದಿಗಳ ಮೇಲೂ ತಲಕಾವೇರಿಯ ಬಸದಿಯ ಮೇಲೂ ಅವರ ಹೊರತು ಬೇರೆಯವರಿಗೆ ಹಕ್ಕಿಲ್ಲ. ಶಾಸನಗಳ ಒಟ್ಟು ತಾತ್ಪರ್ಯವಿದು.

ಇದನ್ನು ಓದಿ ನಗುವವರೂ ಉಂಟು, ಅಕ್ಷರಶಃ ನಂಬುವವರೂ ಉಂಟು. ಚರಿತ್ರೆಯ ವಿದ್ಯಾರ್ಥಿಗೆ ಎರಡೂ ಮಾರ್ಗಗಳು ಸಲ್ಲವು. ಜೈನರಿಗೆ ರಾಮನು ಅನ್ಯನಲ್ಲ. ಅವರ ಪುರಾಣಗಳಲ್ಲಿ ರಾಮನಿಗೆ ಪದ್ಮನೆಂದು ಹೆಸರು. ಅವನು ಬಲಭದ್ರರಲ್ಲಿ ಎಂಟನೆಯವನು. ಇಪ್ಪತ್ತನೆಯ ತೀರ್ಥಂಕರನಾದ ಮುನಿಸುವ್ರತನ ಕಾಲದವನು. ಆ ಕಥೆಯಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ರಾಮನು ಕೊನೆಯಲ್ಲಿ ದೀಕ್ಷೆಯನ್ನು ವಹಿಸಿ ಮೋಕ್ಷವನ್ನು ಪಡೆಯುವನು. ಕನ್ನಡದಲ್ಲಿ ನಾಗಚಂದ್ರನು ಈ ಸಂಪ್ರದಾಯವನ್ನೇ ಅನುಸರಿಸಿ ‘ರಾಮಚಂದ್ರಚರಿತಪುರಾಣ’ವನ್ನು ಬರೆದನು. ಹೀಗಿರಲಾಗಿ, ವನವಾಸದ ಮಾರ್ಗದಲ್ಲಿ ರಾಮನು ಕಾವೇರಿಯ ದಡದಲ್ಲಿ ಜಿನಾಲಯಗಳನ್ನು ಸ್ಥಾಪಿಸಿದನೆಂದು ನಂಬುವುದು ಆ ಕಾಲದ ಶ್ರಾವಕನಿಗೆ ಸಹಜವಾಗಿಯೇ ಇದ್ದಿತು.

ಈ ಭಾಗದ ನೆಲದಲ್ಲಿ ರಾಮನ ನೆನಪು ಎಲ್ಲ ಮತದವರಿಗೂ ಸೇರಿದುದು ಎಂಬುದನ್ನೂ ಇಲ್ಲಿ ಗಮನಿಸಬೇಕು. ಹನಸೋಗೆಗೆ ಬಹುದೂರವಲ್ಲದ ಚುಂಚನಕಟ್ಟೆಯಲ್ಲಿ ಕಾವೇರಿಯು ಬಂಡೆಗಳ ಮೇಲಿಂದ ಧುಮುಕುವ ಸ್ಥಳದ ಬಳಿ ಕೋದಂಡರಾಮನ ದೇವಾಲಯವಿದೆ. ಚುಂಚ, ಚುಂಚಿ ಎಂಬ ಕಾಡಿನ ದಂಪತಿಗಳು ರಾಮ ಸೀತಾ ಲಕ್ಷ್ಮಣರಿಗೆ ಅಲ್ಲಿ ಆತಿಥ್ಯವನ್ನು ಮಾಡಿದರೆಂದೂ, ಸೀತೆಯ ಸ್ನಾನಕ್ಕೆಂದು ಲಕ್ಷ್ಮಣನು ಬಾಣವನ್ನು ಬಿಟ್ಟು ನೀರನ್ನು ತರಿಸಿದನೆಂದೂ ಸ್ಥಳದ ಐತಿಹ್ಯ. ಎಲ್ಲೆಡೆಯಂತೆ ಎಡಗಡೆಯಲ್ಲಿರದೆ ಸೀತೆಯು ರಾಮನ ಬಲಗಡೆಯಲ್ಲಿ ನಿಂತಿರುವುದು ಆ ಗುಡಿಯ ವೈಶಿಷ್ಟ್ಯ. ನದಿಯ ಆಚೆಯ ಸಾಲಿಗ್ರಾಮವು ರಾಮಾನುಜಾಚಾರ್ಯರ ನೆನಪಿನಿಂದ ಪವಿತ್ರವಾದ ಕ್ಷೇತ್ರ. ಅವರ ನೆಚ್ಚಿನ ಶಿಷ್ಯನಾದ ವಡುಗನಂಬಿಯ ಊರು ಅದೇ ಎಂದು ಶ್ರೀವೈಷ್ಣವರ ಸಂಪ್ರದಾಯ. ಹೀಗೆ ಕೆಲವೇ ಹರದಾರಿಗಳೊಳಗೆ ಜೈನರ ರಾಮ, ಬೇಡರ ಅತಿಥಿಯಾದ ರಾಮ, ಶ್ರೀವೈಷ್ಣವರ ಆರಾಧ್ಯದೈವ, ಎಲ್ಲರೂ ಒಂದೇ ಹೊಳೆಯ ನೀರನ್ನು ಹಂಚಿಕೊಂಡಿರುವರು.

ಆದರೂ ಹನಸೋಗೆಯ ಶಾಸನವು ರಾಮನ ಹೆಸರನ್ನು ಎತ್ತಿದುದಕ್ಕೆ ಭಕ್ತಿಯೊಂದೇ ಕಾರಣವೆಂದು ತೋರುವುದಿಲ್ಲ. ಆ ಮಾತಿನ ಜೊತೆಗೇ ಹಕ್ಕಿನ ಮಾತು ಬಂದಿರುವುದನ್ನು ನೋಡಬೇಕು. ಗಂಗರು ಕೊಟ್ಟ ದತ್ತಿಗಳಿಗೆ ಗಂಗರಿರುವವರೆಗೆ ಭಯವಿರಲಿಲ್ಲ. ಗಂಗರು ಅಳಿದರು, ಚೋಳರು ಬಂದರು, ಊರಿನಲ್ಲೇ ಯುದ್ಧವಾಯಿತು, ಚಂಗಾಳ್ವರು ಅಧೀನರಾದರು. ಇಂಥ ಕಾಲದಲ್ಲಿ ‘ಈ ಗದ್ದೆಗಳು ಯಾರವು? ಈ ಬಸದಿಗಳ ಆಡಳಿತವು ಯಾರದು?’ ಎಂಬ ಪ್ರಶ್ನೆಯು ಏಳದೆ ಇರಲಾರದು. ಆಗ ತಮ್ಮ ಹಕ್ಕನ್ನು ಯಾವ ಅರಸನ ದಾನಕ್ಕೂ ಹಿಂದಿನ ಕಾಲಕ್ಕೆ ಕೊಂಡೊಯ್ದು ನಿಲ್ಲಿಸುವುದು ಆಚಾರ್ಯರಿಗೆ ಅವಶ್ಯಕವಾಗಿದ್ದಿರಬೇಕೆಂದು ಊಹಿಸಬಹುದು. ಈ ದೃಷ್ಟಿಯಿಂದ ನೋಡಿದರೆ ಶಾಸನವು ಕಲ್ಲಿನಲ್ಲಿ ಬರೆದ ಹಕ್ಕುಪತ್ರ. ರಾಮನು ಅದರ ಮೊದಲನೆಯ ದಾತಾರ. ಅರುವತ್ತನಾಲ್ಕೆಂಬ ಸಂಖ್ಯೆಯೂ ಹಾಗೆಯೇ. ವಿದ್ಯೆಗಳು ಅರುವತ್ತನಾಲ್ಕು ಎನ್ನುವ ನಾಡಿನಲ್ಲಿ ಅದು ಪೂರ್ಣತೆಯನ್ನು ಸೂಚಿಸುವ ಎಣಿಕೆ. ಅಷ್ಟೇ ಬಸದಿಗಳಿದ್ದುವೋ ಇಲ್ಲವೋ, ಹನ್ನೊಂದನೆಯ ಶತಮಾನದ ಪನಸೋಗೆಯು ಜೈನಧರ್ಮದ ಒಂದು ದೊಡ್ಡ ಕೇಂದ್ರವಾಗಿದ್ದಿತೆಂಬುದು ಮಾತ್ರ ನಿರ್ವಿವಾದ.

ಆ ವೈಭವದ ಪ್ರತಿನಿಧಿಯಾಗಿ ಉಳಿದಿರುವುದು ಚಿಕ್ಕ ಹನಸೋಗೆಯ ಆದಿನಾಥ ಬಸದಿ. ಇದು ತ್ರಿಕೂಟ, ಎಂದರೆ ಮೂರು ಗರ್ಭಗೃಹಗಳು ಒಂದೇ ಮಂಟಪಕ್ಕೆ ತೆರೆದುಕೊಂಡಿರುವ ಕಟ್ಟಡ. ಹೊಯ್ಸಳರ ಗುಡಿಗಳಲ್ಲಿ ಕಾಣುವಂಥ ಮೈತುಂಬ ಹೊದ್ದ ಶಿಲ್ಪಾಲಂಕಾರವನ್ನು ಇಲ್ಲಿ ನಿರೀಕ್ಷಿಸಬಾರದು. ಮೊದಲ ತೀರ್ಥಂಕರನಾದ ಆದಿನಾಥನೇ ಇಲ್ಲಿ ಮುಖ್ಯನು. ಪನಸೋಗೆಯಂಥ ಜೈನಕೇಂದ್ರಗಳಲ್ಲಿ ಬಸದಿಯ ಜೊತೆಗೆ ನಿಷಿಧಿಕಲ್ಲುಗಳಿಗೂ ಸ್ಥಾನವಿತ್ತು. ಮುನಿಯೊಬ್ಬನು ಸಲ್ಲೇಖನ ವ್ರತದಿಂದ, ಎಂದರೆ ಅನ್ನಪಾನಗಳನ್ನು ಕ್ರಮವಾಗಿ ತ್ಯಜಿಸಿ ದೇಹವನ್ನು ಬಿಟ್ಟಾಗ ಅವನ ಶಿಷ್ಯರು ನಿಲ್ಲಿಸುವ ಸ್ಮಾರಕಶಿಲೆಯೇ ನಿಷಿಧಿ. ಯುದ್ಧದಲ್ಲಿ ಮಡಿದವರಿಗೆ ವೀರಗಲ್ಲು, ವ್ರತದಲ್ಲಿ ಮಡಿದವರಿಗೆ ನಿಷಿಧಿಗಲ್ಲು. ಎರಡು ಬಗೆಯ ಮರಣಕ್ಕೂ ಕಲ್ಲನ್ನು ನಿಲ್ಲಿಸಿ ಗೌರವಿಸುವುದು ಕನ್ನಡನಾಡಿನ ಹಳೆಯ ಪದ್ಧತಿ.

ಇನ್ನು ಊರಿನ ಹೆಸರು ಊರನ್ನು ದಾಟಿ ಹೋದ ಬಗೆಯನ್ನು ವಿಚಾರಿಸಬೇಕು. ದಿಗಂಬರ ಜೈನಮುನಿಗಳ ಸಮುದಾಯವು ಸಂಘಗಳಾಗಿಯೂ, ಸಂಘವು ಗಣಗಳಾಗಿಯೂ, ಗಣವು ಗಚ್ಛಗಳಾಗಿಯೂ ವಿಭಾಗವಾಗಿದ್ದಿತು. ಗಚ್ಛದೊಳಗೆ ಒಂದು ಊರನ್ನೋ ಒಂದು ಬಸದಿಯನ್ನೋ ಮೂಲಸ್ಥಾನವಾಗಿ ಉಳ್ಳ ಗುರುಪರಂಪರೆಗೆ ‘ಬಳಿ’ ಎಂದು ಹೆಸರು. ತುಳುನಾಡಿನಲ್ಲಿ ಕುಟುಂಬಗಳ ಮೂಲವನ್ನು ಹೇಳುವಾಗಲೂ ಇದೇ ಮಾತು ಬಳಕೆಯಲ್ಲಿರುವುದು. ಮುನಿಗಳು ಮಳೆಗಾಲದ ನಾಲ್ಕು ತಿಂಗಳನ್ನು ಬಿಟ್ಟರೆ ಒಂದೆಡೆ ನಿಲ್ಲುವವರಲ್ಲ. ಕಾಲ್ನಡಿಗೆಯಿಂದ ದೇಶವನ್ನು ಸಂಚರಿಸುತ್ತ ಬೋಧಿಸುವವರು. ಅವರೊಡನೆ ಬಳಿಯ ಹೆಸರೂ ಸಂಚರಿಸಿತು. ಗುರುವು ಯಾವ ಊರಿನಲ್ಲಿ ನೆಲೆಸಿದರೂ ಅವನು ಹನಸೋಗೆಯ ಬಳಿಯವನು. ಅವನ ಶಿಷ್ಯನೂ ಹನಸೋಗೆಯ ಬಳಿಯವನು. ಆ ಶಿಷ್ಯನು ಹನಸೋಗೆಯನ್ನು ಕಣ್ಣಿನಿಂದ ನೋಡಿರಬೇಕೆಂಬ ನಿಯಮವಿಲ್ಲ.

ಈ ಪರಂಪರೆಯ ಹಿರಿಮೆಯನ್ನು ತೋರಿಸುವ ಮೊದಲ ದೊಡ್ಡ ನಿದರ್ಶನವು ಹೊಯ್ಸಳರ ರಾಜಧಾನಿಯಾದ ದೋರಸಮುದ್ರದಲ್ಲಿದೆ. ವಿಷ್ಣುವರ್ಧನನ ಪ್ರಸಿದ್ಧ ದಂಡನಾಯಕನಾದ ಗಂಗರಾಜನಿಗೆ ‘ದ್ರೋಹಘರಟ್ಟ’ ಎಂದು ಬಿರುದು. ಅವನು ಗತಿಸಿದ ಮೇಲೆ ಅವನ ಮಗ ಬೊಪ್ಪನು ತಂದೆಯ ನೆನಪಿಗಾಗಿ ೧೧೩೩ರಲ್ಲಿ ಪಾರ್ಶ್ವನಾಥನ ಬಸದಿಯನ್ನು ಅಲ್ಲಿ ಕಟ್ಟಿಸಿ ದ್ರೋಹಘರಟ್ಟ ಜಿನಾಲಯವೆಂದು ಹೆಸರಿಟ್ಟನು. ಆ ಜಿನಾಲಯವು ಹನಸೋಗೆಯ ಬಳಿಗೆ ಸೇರಿದುದೆಂದು ಶಾಸನವು ಹೇಳುತ್ತದೆ. ಪ್ರತಿಷ್ಠೆಯಾದ ಮೇಲೆ ಅರ್ಚಕರು ದೇವರ ಶೇಷವನ್ನು ತೆಗೆದುಕೊಂಡು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಹೋದರು. ಆ ಸಮಯಕ್ಕೆ ಸರಿಯಾಗಿ ಅರಸನಿಗೆ ಮಸಣನೆಂಬ ಶತ್ರುವಿನ ಮೇಲೆ ಜಯವು ಲಭಿಸಿತ್ತು. ರಾಣಿ ಲಕ್ಷ್ಮೀದೇವಿಗೆ ಗಂಡುಮಗುವೂ ಹುಟ್ಟಿತ್ತು. ಸಂತುಷ್ಟನಾದ ಅರಸನು ಎದ್ದು ನಮಸ್ಕರಿಸಿ ಶೇಷವನ್ನು ಸ್ವೀಕರಿಸಿದನು. ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಹಳೇಬೀಡಿನ ಬಸದಿಹಳ್ಳಿಯಲ್ಲಿ ಆ ಪಾರ್ಶ್ವನಾಥ ಬಸದಿಯನ್ನು ನೋಡುವ ಯಾತ್ರಿಕರಲ್ಲಿ, ಅದರ ಗುರುಪೀಠದ ಮೂಲವು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿದೆಯೆಂದು ಬಲ್ಲವರು ಎಷ್ಟು ಮಂದಿ?

ಇಲ್ಲಿ ವಿಧಿಯ ವಿಚಿತ್ರವೊಂದನ್ನು ಹೇಳಬೇಕು. ಹನಸೋಗೆಯ ಬಳಿಯ ಬಸದಿಯ ಪ್ರಸಾದದೊಡನೆ ಹೆಸರನ್ನು ಪಡೆದ ಆ ಮಗುವೇ ಬೆಳೆದು ಒಂದನೆಯ ನರಸಿಂಹನಾದನು. ಅವನು ೧೧೪೫ರ ಸುಮಾರಿಗೆ ಚಂಗಾಳ್ವ ಅರಸನನ್ನು ಯುದ್ಧದಲ್ಲಿ ಕೊಂದು ಅವನ ಆನೆ, ಕುದುರೆ, ಹೊನ್ನುಗಳನ್ನು ವಶಪಡಿಸಿಕೊಂಡನೆಂದು ಶಾಸನಗಳಲ್ಲಿ ಹೇಳಿದೆ. ಅವನ ಮಗ ಬಲ್ಲಾಳನ ಕಾಲದಲ್ಲಿಯೂ, ೧೧೭೪ರಲ್ಲಿ, ಬೆಟ್ಟರಸನೆಂಬ ದಂಡನಾಯಕನು ಚಂಗಾಳ್ವ ಮಹಾದೇವನ ಮೇಲೆ ದಂಡೆತ್ತಿ ಹೋದನು. ಹನಸೋಗೆಯನ್ನು ಪೊರೆದ ಅರಸುಮನೆಯು ಹೀಗೆ ಹೊಯ್ಸಳರ ಏಟುಗಳಿಂದ ಕುಗ್ಗಿ, ಕಾಲಕ್ರಮದಲ್ಲಿ ಕೊಡಗಿನ ಅಂಚಿಗೆ ಸರಿಯಿತು. ಧರ್ಮದಲ್ಲಿಯೂ ಬದಲಾವಣೆಯಾಯಿತು. ಮೊದಲು ಬಸದಿಗಳಿಗೆ ದತ್ತಿ ಬಿಟ್ಟ ಚಂಗಾಳ್ವರು ತರುವಾಯ ಶೈವರಾದರು. ಬೆಟ್ಟದಪುರದ ಬೆಟ್ಟದ ಮೇಲಿನ ಅನ್ನದಾನಿ ಮಲ್ಲಿಕಾರ್ಜುನನು ಅವರ ಮನೆದೇವರಾದನು. ಹದಿನಾರನೆಯ ಶತಮಾನದ ಹೊತ್ತಿಗೆ ಅವರ ರಾಜಧಾನಿ ನಂಜರಾಯಪಟ್ಟಣ. ಪಿರಿಯರಾಜನು ಸಿಂಗಪಟ್ಟಣವನ್ನು ಜೀರ್ಣೋದ್ಧಾರ ಮಾಡಿ ಪಿರಿಯಾಪಟ್ಟಣವೆಂದು ಹೆಸರಿಟ್ಟುದೂ ಆ ಶತಮಾನದಲ್ಲಿಯೇ.

ಅರಸರ ಮತಾಂತರದಿಂದ ಜೈನರು ಈ ಸೀಮೆಯಿಂದ ಕೂಡಲೇ ಕಣ್ಮರೆಯಾದರೆಂದು ತಿಳಿಯಬಾರದು. ‘ಸಮ್ಯಕ್ತ್ವಕೌಮುದಿ’, ‘ನೇಮಿಜಿನೇಶಸಂಗತಿ’, ‘ಸೂಪಶಾಸ್ತ್ರ’ ಮೊದಲಾದ ಕಾವ್ಯಗಳನ್ನು ರಚಿಸಿದ ಮೂರನೆಯ ಮಂಗರಸನು ಈ ಸೀಮೆಯ ಕಲ್ಲಹಳ್ಳಿಯ ಪ್ರಭು. ‘ಚಂದ್ರಪ್ರಭಚರಿತೆ’ಯನ್ನು ಬರೆದ ದೊಡ್ಡಯ್ಯನು ಪಿರಿಯಾಪಟ್ಟಣದವನು. ಹದಿನಾರನೆಯ ಶತಮಾನದ ಆದಿಯಲ್ಲಿ ಚಂಗಾಳ್ವರ ಮಂತ್ರಿಯಾದ ಚೆನ್ನಬೊಮ್ಮರಸನೂ ನಂಜರಾಯಪಟ್ಟಣದ ಶ್ರಾವಕರೂ ಸೇರಿ ಶ್ರವಣಬೆಳಗೊಳದ ಗೊಮ್ಮಟನ ಆಲಯದಲ್ಲಿ ಜೀರ್ಣೋದ್ಧಾರವನ್ನು ಮಾಡಿಸಿದರು. ಶೈವನಾದ ಅರಸನ ಜೈನಮಂತ್ರಿಯು ಗೊಮ್ಮಟನ ಸೇವೆಯನ್ನು ಮಾಡಿದುದು ಆ ಕಾಲದ ಸೌಹಾರ್ದಕ್ಕೆ ಒಳ್ಳೆಯ ಉದಾಹರಣೆ. ಆದರೆ ಧನವೂ ಆಶ್ರಯವೂ ಬೆಳಗೊಳದ ಕಡೆಗೂ ಪಟ್ಟಣಗಳ ಕಡೆಗೂ ತಿರುಗಿದಾಗ ಹನಸೋಗೆಯು ಒಂದು ಸಾಮಾನ್ಯ ಹಳ್ಳಿಯಾಗಿ ಉಳಿಯಿತು.

ಮೂಲಸ್ಥಾನದ ಕೀರ್ತಿ ಕುಗ್ಗಿದ ಕಾಲದಲ್ಲಿಯೇ ಅದರ ಹೆಸರಿಗೆ ಅತ್ಯುನ್ನತವಾದ ಗೌರವವು ಘಟ್ಟದ ಕೆಳಗೆ ದೊರೆಯಿತು. ಕಾರ್ಕಳದ ಭೈರರಸರ ಗುರುಪೀಠವು ಪನಸೋಗೆಯ ಪರಂಪರೆಗೆ ಸೇರಿದುದು. ಆ ಪೀಠದ ಗುರುಗಳಿಗೆ ಲಲಿತಕೀರ್ತಿಯೆಂಬ ಅಭಿಧಾನ. ದೇಶೀಗಣದ ಪನಸೋಗೆಯ ಆವಳಿಗೆ ಒಡೆಯನಾದ ಲಲಿತಕೀರ್ತಿ ಮುನೀಂದ್ರನ ಉಪದೇಶದಂತೆ ವೀರಪಾಂಡ್ಯ ಭೈರರಸನು ಕಾರ್ಕಳದ ಬಂಡೆಬೆಟ್ಟದ ಮೇಲೆ ಗೊಮ್ಮಟನನ್ನು ನಿಲ್ಲಿಸಿದನು. ಶಾಲಿವಾಹನ ಶಕ ೧೩೫೩ನೆಯ ವಿರೋಧಿಕೃತ್ ಸಂವತ್ಸರದ ಫಾಲ್ಗುಣ ಶುದ್ಧ ದ್ವಾದಶಿ, ಎಂದರೆ ಕ್ರಿ. ಶ. ೧೪೩೨ನೆಯ ಇಸವಿ ಫೆಬ್ರವರಿ ೧೩ನೆಯ ತಾರೀಖು, ಬುಧವಾರ, ಪ್ರತಿಷ್ಠೆಯು ನಡೆಯಿತು. ಸುಮಾರು ೪೨ ಅಡಿ ಎತ್ತರದ ಆ ಏಕಶಿಲಾಮೂರ್ತಿಯು ಕರ್ಣಾಟಕದ ಗೊಮ್ಮಟರಲ್ಲಿ ಬೆಳಗೊಳದ ಮೂರ್ತಿಯೊಂದಕ್ಕೆ ಮಾತ್ರ ಎರಡನೆಯದು. ೧೫೮೬ರಲ್ಲಿ ಇಮ್ಮಡಿ ಭೈರರಸನು ಅದೇ ಪರಂಪರೆಯ ಗುರುವಿನ ಉಪದೇಶದಿಂದ, ಗೊಮ್ಮಟನಿಗೆ ಎದುರಾದ ಗುಡ್ಡದ ಮೇಲೆ, ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಚತುರ್ಮುಖ ಬಸದಿಯನ್ನು ಕಟ್ಟಿಸಿದನು. ಕಾರ್ಕಳದ ಜೈನಮಠದ ಭಟ್ಟಾರಕರು ಲಲಿತಕೀರ್ತಿಯೆಂಬ ಹೆಸರನ್ನು ಇಂದಿಗೂ ಧರಿಸುವರು.

ಕಾವೇರಿಯ ದಡದಲ್ಲಿ ನನ್ನಿ ಚಂಗಾಳ್ವನು ಬಸದಿಯನ್ನು ಮರಳಿ ಕಟ್ಟಿಸಿದ ಕಾಲದಿಂದ ಕಾರ್ಕಳದಲ್ಲಿ ಗೊಮ್ಮಟನು ನಿಂತ ಕಾಲದವರೆಗೆ ಮುನ್ನೂರೆಪ್ಪತ್ತು ವರ್ಷಗಳ ಅಂತರವಿದೆ. ಅಷ್ಟು ಕಾಲ ಒಂದು ಹಳ್ಳಿಯ ಹೆಸರನ್ನು ಗುರುವಿನಿಂದ ಶಿಷ್ಯನು ಪಡೆದು ಮುಂದಿನವನಿಗೆ ಒಪ್ಪಿಸುತ್ತ ಬಂದುದು ಸಾಮಾನ್ಯವಾದ ಸಂಗತಿಯಲ್ಲ. ರಾಜ್ಯಗಳು ಇಷ್ಟು ಕಾಲ ಬಾಳಲಿಲ್ಲ. ಪನಸೋಗೆಯಲ್ಲಿ ಹುಟ್ಟಿದ ಕೊಂಗಾಳ್ವರ ವಂಶವು ಬಹುಬೇಗ ಮರೆಯಾಯಿತು. ಚೋಳರೂ ಹೊಯ್ಸಳರೂ ಅಳಿದರು. ಚಂಗಾಳ್ವರಾದರೋ ಹದಿನೇಳನೆಯ ಶತಮಾನದ ನಡುವಿನವರೆಗೆ ಉಳಿದಿದ್ದು, ಮೈಸೂರಿನ ಕಂಠೀರವ ನರಸರಾಜ ಒಡೆಯರ (೧೬೩೮-೧೬೫೯) ಕಾಲದಲ್ಲಿ ಪಿರಿಯಾಪಟ್ಟಣವು ಮೈಸೂರಿನ ವಶವಾದಾಗ ಚರಿತ್ರೆಯಿಂದ ಮರೆಯಾದರು.

ಇದೇ ಸೀಮೆಯ ಬೇರೆ ಎರಡು ಊರುಗಳ ಗತಿಯನ್ನು ಹನಸೋಗೆಯ ಗತಿಯೊಡನೆ ಹೋಲಿಸಿ ನೋಡುವುದು ಉಚಿತವಾಗಿದೆ. ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಕಪಿಲಾನದಿಯ ದಡದ ಕಿತ್ತೂರು ಪ್ರಾಚೀನವಾದ ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿದರು. ಎರಡನೆಯ ಶತಮಾನದ ಗ್ರೀಕ್ ಭೂಗೋಳಜ್ಞನಾದ ಟಾಲೆಮಿಯು ವೈಡೂರ್ಯಕ್ಕೆ ಹೆಸರಾದ ನಾಡೆಂದು ಪುನ್ನಾಟವನ್ನು ಹೆಸರಿಸಿರುವನು. ೭೮೩ರಲ್ಲಿ ಸಂಸ್ಕೃತ ‘ಹರಿವಂಶಪುರಾಣ’ವನ್ನು ಮುಗಿಸಿದ ಜಿನಸೇನನು ಪಶ್ಚಿಮ ಭಾರತದಲ್ಲಿದ್ದರೂ ತಾನು ಪುನ್ನಾಟಸಂಘದವನೆಂದೇ ಹೇಳಿಕೊಂಡನು. ಕಪಿಲೆಗೆ ಕಬಿನಿ ಅಣೆಕಟ್ಟನ್ನು ಕಟ್ಟಿ ೧೯೭೪ರಲ್ಲಿ ಮುಗಿಸಿದಾಗ ಆ ಹಳೆಯ ಕಿತ್ತೂರಿನ ನೆಲವು ಜಲಾಶಯದ ಪಾಲಾಯಿತು. ಎಡತೊರೆಯ ಕಥೆ ಬೇರೆ. ಅರ್ಕೇಶ್ವರಸ್ವಾಮಿಯ ಸನ್ನಿಧಿಯಿರುವ ಆ ಊರು ೧೯೨೪ರ ಕಾವೇರಿಯ ಮಹಾಪೂರದಿಂದ ಹಾನಿಗೊಂಡ ತರುವಾಯ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಎತ್ತರದ ನೆಲದ ಮೇಲೆ ಅಗಲವಾದ ಬೀದಿಗಳುಳ್ಳ ಹೊಸ ಪಟ್ಟಣವು ಕಟ್ಟಲ್ಪಟ್ಟು ಅವರ ಹೆಸರನ್ನೇ ಪಡೆಯಿತು. ತಾಲ್ಲೂಕಿಗೂ ಆ ಹೆಸರೇ ಆಯಿತು. ಕಿತ್ತೂರು ನೆಲವನ್ನು ಕಳೆದುಕೊಂಡಿತು. ಎಡತೊರೆಯು ತಾಲ್ಲೂಕಿನ ಹೆಸರೆಂಬ ಪದವಿಯನ್ನು ಕಳೆದುಕೊಂಡಿತು. ಹನಸೋಗೆಗೆ ನೆಲವೂ ಉಳಿದಿದೆ, ಹೆಸರೂ ಉಳಿದಿದೆ. ಕಳೆದುಹೋದುದು ಇವೆರಡರ ನಡುವಣ ಸಂಬಂಧದ ತಿಳಿವಳಿಕೆ ಮಾತ್ರ.

ಆ ಸಂಬಂಧವು ಮರಳಿ ಬೆಳಕಿಗೆ ಬಂದುದು ಶಾಸನಗಳಿಂದ. ಬಿ. ಎಲ್. ರೈಸ್‌ರವರು ಹಳ್ಳಿ ಹಳ್ಳಿಗಳ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಅಚ್ಚುಮಾಡಿಸಿದರು. ಎಡತೊರೆ ತಾಲ್ಲೂಕಿನ ಶಾಸನಗಳು ೧೮೯೮ರಲ್ಲಿ ಪ್ರಕಟವಾದ ನಾಲ್ಕನೆಯ ಸಂಪುಟದಲ್ಲಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ತರುವಾಯ ಈ ಸಂಪುಟಗಳನ್ನು ಪರಿಷ್ಕರಿಸಿ ಹೊಸದಾಗಿ ಮುದ್ರಿಸಿತು. ಚಿಕ್ಕ ಹನಸೋಗೆಯ ಕಲ್ಲು, ಕೊಡಗಿನ ಮಾಲಂಬಿಯ ಕಲ್ಲು, ಹಳೇಬೀಡಿನ ಕಲ್ಲು, ಕಾರ್ಕಳದ ಕಲ್ಲು, ಇವು ನಾಲ್ಕೂ ಬೇರೆ ಬೇರೆ ಸೀಮೆಗಳಲ್ಲಿ ಮೌನವಾಗಿ ನಿಂತಿದ್ದುವು. ಅವುಗಳನ್ನು ಒಟ್ಟಿಗೆ ಓದಿದಾಗಲೇ ಒಂದು ಹಳ್ಳಿಯ ಆರು ಶತಮಾನಗಳ ಚರಿತ್ರೆಯು ರೂಪುಗೊಂಡಿತು. ಇವುಗಳಲ್ಲಿ ಒಂದು ಕಲ್ಲು ಒಡೆದುಹೋಗಿದ್ದರೆ ಸರಪಣಿಯ ಒಂದು ಕೊಂಡಿ ಕಳಚಿಹೋಗುತ್ತಿತ್ತು. ಮಾಲಂಬಿಯ ಶಾಸನವಿಲ್ಲದಿದ್ದರೆ ಪನಸೋಗೆಯಲ್ಲಿ ಮನಿಜನು ಕಾದಿದುದು ತಿಳಿಯುತ್ತಿರಲಿಲ್ಲ. ಹನಸೋಗೆಯ ಶಾಸನವಿಲ್ಲದಿದ್ದರೆ ಹಳೇಬೀಡಿನ ‘ಬಳಿ’ಗೆ ಅರ್ಥವಿರುತ್ತಿರಲಿಲ್ಲ.

ಹಳ್ಳಿಗಳಲ್ಲಿ ಶಾಸನದ ಕಲ್ಲುಗಳು ಬಟ್ಟೆ ಒಗೆಯುವ ಚಪ್ಪಡಿಗಳಾಗಿಯೂ, ತೂಬಿನ ಅಡ್ಡಗಲ್ಲುಗಳಾಗಿಯೂ, ಮನೆಯ ಮುಂದಣ ಜಗಲಿಯ ಹಾಸುಗಳಾಗಿಯೂ ಪರಿಣಮಿಸಿರುವುದು ಅಪರೂಪವಲ್ಲ. ಉಳುವವನಿಗೆ ಅದು ಉಪಯೋಗಕ್ಕೆ ಬಂದ ಕಲ್ಲು. ಅದರ ಮೇಲಿನ ಬರೆಹವು ನಿಧಿಯ ಗುರುತೆಂಬ ಭ್ರಾಂತಿಯಿಂದ ಅದನ್ನು ಕಿತ್ತು ಒಡೆದವರೂ ಉಂಟು. ನಿಜವಾದ ನಿಧಿಯು ಆ ಬರೆಹವೇ ಎಂದು ತಿಳಿಸಿಹೇಳುವ ಭಾರವು ಊರಿನ ಓದಿದ ಮನೆಗಳದು. ಅದಕ್ಕೆ ಹೆಚ್ಚಿನ ದ್ರವ್ಯವು ಬೇಕಾಗಿಲ್ಲ. ಊರಿನ ಶಾಲೆಯ ಮಕ್ಕಳು ತಮ್ಮ ಊರಿನ ಕಲ್ಲಿನಲ್ಲಿ ಏನು ಬರೆದಿದೆಯೆಂದು ಒಂದು ಸಲ ಕೇಳಿ ತಿಳಿದರೆ, ಮುಂದೆ ಆ ಕಲ್ಲಿಗೆ ಅವರೇ ಕಾವಲಾಗುವರು.

ಮೈಸೂರು ಸೀಮೆಯಿಂದ ಪ್ರತಿವರ್ಷವೂ ಅನೇಕ ಕುಟುಂಬಗಳು ಧರ್ಮಸ್ಥಳ, ಮೂಡಬಿದಿರೆ, ಕಾರ್ಕಳಗಳ ಯಾತ್ರೆಯನ್ನು ಮಾಡುವುವು. ಗೊಮ್ಮಟನ ಪಾದದ ಬಳಿ ನಿಂತು ಅವನ ಎತ್ತರವನ್ನು ಕಂಡು ಬೆರಗಾಗುವುವು. ಆ ಮೂರ್ತಿಯನ್ನು ನಿಲ್ಲಿಸಲು ಉಪದೇಶಿಸಿದ ಗುರುವಿನ ಹೆಸರಿನೊಡನೆ ಶಾಸನದಲ್ಲಿ ಕೆತ್ತಿರುವ ಊರು ತಮ್ಮ ಜಿಲ್ಲೆಯದೇ, ಕಾವೇರಿಯ ದಡದ ಗದ್ದೆಗಳ ನಡುವಣ ಒಂದು ಚಿಕ್ಕ ಹಳ್ಳಿಯೇ ಎಂಬುದನ್ನು ಆ ಯಾತ್ರಿಕರು ಅರಿತರೆ ಅವರ ಸಂತೋಷವು ಇಮ್ಮಡಿಯಾಗುವುದರಲ್ಲಿ ಸಂದೇಹವಿಲ್ಲ. ಯಾತ್ರೆಯಿಂದ ಹಿಂದಿರುಗಿದ ಮೇಲೆ ಒಂದು ದಿನ ಬಿಡುವು ಮಾಡಿಕೊಂಡು ಚಿಕ್ಕ ಹನಸೋಗೆಗೂ ಹೋಗಿ, ಆದಿನಾಥನ ಬಸದಿಯ ಮೂರು ಬಾಗಿಲುಗಳ ಮುಂದೆ ನಿಂತು ಬಂದರೆ ಅವರ ಯಾತ್ರೆಯು ಸಂಪೂರ್ಣವಾದಂತಾಗುವುದು.